ಮೊದಲ ಖರೀದಿ

ಕಲಬುರಗಿಯ ರಿಜಿಸ್ಟ್ರಿ ಕಚೇರಿಯಲ್ಲಿ ಗುರುಪಾದಪ್ಪ ಸಹಿ ಹಾಕುವಾಗ ಶಾಹಜಾದಿ ಅವನ ಬೆರಳುಗಳನ್ನೇ ನೋಡುತ್ತಿದ್ದಳು. ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್‌ನಲ್ಲಿ ಅವಳ ಗಂಡ ಸತ್ತು ನಲವತ್ತು ದಿನ ತುಂಬುವ ಮೊದಲೇ ಗುರುಪಾದಪ್ಪ ಬಾಗಿಲಿಗೆ ಬಂದಿದ್ದ. "ಮನಿ ಖರೀದಿ ನನಗ ಇದೇ ಮೊದಲು, ಬೀಬಿ. ಅರ್ಧಾ ಬೆಲಿಗೆ ಕೊಡ್ರಿ. ಒಲ್ಲೆ ಅಂದ್ರ, ನಾಳೆ ಯಾರರ ಬೆಂಕಿ ಹಚ್ಚಿದ್ರ ನಾ ಏನ್ ಮಾಡ್ಲಿ?" ಅಂದಿದ್ದ. ಆ ಮಾತನ್ನು ಅವಳು ನಾಲ್ಕು ತಿಂಗಳಿಂದ ನುಂಗಿಕೊಂಡಿದ್ದಳು.

ಉರ್ದುವಿನಲ್ಲಿದ್ದ ಖರೀದಿ ಪತ್ರವನ್ನು ಕಾರಕೂನ ಓದಿ ಹೇಳಲು ಹೊರಟಾಗ, ಉರ್ದು ಓದಲು ಬಾರದ ಗುರುಪಾದಪ್ಪನೇ, "ಬ್ಯಾಡ್ರಿ, ಆಕಿ ಮನಸ್ಸು ಬದಲಾಗೂದ್ರೊಳಗ ಮುಗಸ್ರಿ" ಎಂದು ತಡೆದಿದ್ದ.

ಸಹಿ ಒಣಗಿತು. ಶಾಹಜಾದಿ ಕೀಲಿಕೈಯನ್ನು ಅವನ ಮುಂದಿಟ್ಟಳು. "ಮನಿ ಮುಂದಿನ ಅಂಗಳ ಇದರಾಗ ಇಲ್ರಿ. ಅದನ್ನ ನಿನ್ನೆ ಕಮಲಾಪುರದ ಸಾಬಮ್ಮಗ ಬರದು ಕೊಟ್ಟೀನಿ. ಆ ಗದ್ದಲದಾಗ ನನ್ನ ಹೆಣ್ಮಕ್ಕಳನ್ನ ತನ್ನ ಗುಡಿಸಲದಾಗ ಬಚ್ಚಿಟ್ಟಾಕಿ."

"ಅಂಗಳ ಬಿಟ್ರ ಮನಿಗೆ ಬ್ಯಾರೆ ದಾರಿನೇ ಇಲ್ಲಲ್ಲ," ಅವನ ದನಿ ಇಳಿಯಿತು.

"ಇಲ್ಲ. ದಿನಾ ಆಕಿನ್ನ ಕೇಳೇ ದಾಟ್ಬೇಕು." ಶಾಹಜಾದಿ ಸೆರಗು ಸರಿಮಾಡಿಕೊಂಡು ಎದ್ದಳು. "ಸ್ಟೇಶನ್ ಬಜಾರದಾಗ ನಿಮ್ಮ ಅಂಗಡಿ ಮುಂದಿಂದ ಬಾಳೆಹಣ್ಣಿನ ಬುಟ್ಟಿ ಒದ್ದು ಒಬ್ಬಾಕಿನ್ನ ಎಬ್ಬಿಸಿದ್ರಲ್ಲ, ಆಕಿನೇ ಸಾಬಮ್ಮ. ಹೊರಗ ಕುಂತಾಳ, ಹೋಗಿ ಕೇಳ್ರಿ."