ಬಿಳಿ ಸೊಸೆಗೆ ಬಾರದ ಮಾತು

ಲೈನು ಎರಡನೇ ಸಲವೂ ಕಡಿದುಹೋಯಿತು. ಪವಿತ್ರ ರಿಸೀವರನ್ನು ಇಡಲಿಲ್ಲ. ಕಿವಿಗೊತ್ತಿಕೊಂಡೇ ನಿಂತಳು.

"ಸಿಗದಿಲ್ಲ ಬುಡಮ್ಮಿ," ಎಂದಳು ಅಜ್ಜಿ ಗುರುಮಲ್ಲಮ್ಮ, ಬೂತಿನ ಬಾಗಿಲಿಗೆ ಆತುಕೊಂಡು. "ಸಿಕ್ಕುದ್ರೂ ನೀ ಯಾರು ಅಂತ ಕೇಳ್ತಾಳ, ಅಷ್ಟೇಯ."

"ನಮ್ಮಮ್ಮ ತಾನೆ? ನಾ ಮಾತಾಡ್ತೀನಿ. ನೀ ಸುಮ್ಕಿರು."

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಎದುರಿನ ಈ ಬೂತಿನಿಂದ ಕೇರಳದ ಲಾರಿ ಡ್ರೈವರುಗಳು ಮನೆಗೆ ಫೋನು ಮಾಡುತ್ತಾರೆ, ಊಟಿಗೆ ಹೋಗುವವರು ಹೋಟೆಲಿಗೆ ಮಾಡುತ್ತಾರೆ. ರಷ್ಯಾಕ್ಕೆ ಮಾಡಿದವರು ಇದುವರೆಗೆ ಯಾರೂ ಇರಲಿಲ್ಲ. ಬೂತಿನ ಗಿರೀಶನಿಗೆ ಅದೇ ಹೆಮ್ಮೆ. ಮೂರನೇ ಸಲ ತಾನೇ ನಂಬರು ಒತ್ತತೊಡಗಿದ.

ಪವಿತ್ರ ಓದುತ್ತಿದ್ದ ಮೈಸೂರಿನಲ್ಲೇನು ಬೂತುಗಳಿಗೆ ಬರವಿರಲಿಲ್ಲ. ಆದರೂ ತಮ್ಮೂರು ತೆರಕಣಾಂಬಿಯಿಂದ ಅಜ್ಜಿಯನ್ನು ಬಸ್ಸು ಹತ್ತಿಸಿಕೊಂಡು ಇಲ್ಲಿಗೇ ಬಂದಿದ್ದಳು. ಅಜ್ಜಿ ಪಕ್ಕದಲ್ಲಿ ನಿಂತಿರಬೇಕು, ಎಲ್ಲ ಕೇಳಿಸಬೇಕು, ಒಂದಕ್ಷರವೂ ತಿಳಿಯಬಾರದು. ಇದು ಕೆಟ್ಟ ಬುದ್ಧಿ ಎಂದು ಅವಳಿಗೂ ಗೊತ್ತಿತ್ತು. ಇರಲಿ ಎಂದುಕೊಂಡಿದ್ದಳು.

ಅಪ್ಪ ಮಹಾಲಿಂಗ ಸೋವಿಯತ್ ದೇಶಕ್ಕೆ ಎಂಜಿನಿಯರಿಂಗ್ ಓದಲು ಹೋದವನು ಡಿಗ್ರಿಯ ಜೊತೆಗೆ ತಮಾರಾಳನ್ನೂ ಕರೆತಂದ. ಊರು ಅವಳನ್ನು ಬಿಳಿ ಸೊಸೆ ಎಂದಿತು. ನಾಲ್ಕು ವರ್ಷ ಆ ಮನೆಯಲ್ಲಿ ಬಾಳಿದಳು, ಕನ್ನಡದ ಒಂದು ಮಾತೂ ಅವಳ ಬಾಯಿಂದ ಹೊರಡಲಿಲ್ಲ. ಮನೆಯವರಿಗೆ ತಿಳಿಯಬಾರದ್ದನ್ನು ಗಂಡ ಹೆಂಡಿರು ರಷ್ಯನ್ನಿನಲ್ಲಿ ಆಡಿಕೊಳ್ಳುತ್ತಾರೆ ಎಂದು ಗುರುಮಲ್ಲಮ್ಮನಿಗೆ ಹೊಟ್ಟೆಯುರಿ.

ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಮಾತು ಬಾರದವಳಿಗೂ ಇಲ್ಲ ಎಂದು ಗುರುಮಲ್ಲಮ್ಮ ಕಂಡುಕೊಂಡಳು. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ, ನಾಲ್ಕು ಹೆಂಗಸರ ಎದುರಿಗೆ, ಮುಖದ ತುಂಬ ನಗು ಇಟ್ಟುಕೊಂಡು ಸೊಸೆಯನ್ನು ಮಾತಾಡಿಸುವಳು: "ಈ ಮನೇಲಿ ನಿಂಗ್ ಜಾಗ ಇಲ್ಲ ಕಣಮ್ಮಿ. ಬಂದ ದಾರೀಲೇ ಓಗು." ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುವರು. ತಮಾರಾಳೂ ನಗುವಳು. ಆಮೇಲೆ ಎಲ್ಲರಿಗೂ ಕಾಫಿ ತಂದುಕೊಡುವಳು.

"ಗ್ವಾಡೆಗೆ ಯೋಳ್ದಂಗೆ ಕಣಮ್ಮಿ," ಎಂದು ಅಜ್ಜಿ ಅದನ್ನು ಇವತ್ತಿಗೂ ಮೊಮ್ಮಗಳಿಗೆ ಹೇಳಿ ನಗುತ್ತಾಳೆ. "ಅಡ್ಗೆನಾರ ಬತ್ತಿತ್ತಾ? ಸಾರು ಉಪ್ಪುಪ್ಪು ಅಂತ ಪಕ್ಕದ್ಮನೆ ರಾಚಮ್ಮನ್ ತಾವ ಒಂದಿನ ಆಡ್ಕಂಡೆ. ಮಾರ್ನೇ ದಿನ ನೋಡುದ್ರ ಸಪ್ಪೆ! ಒಂದ್ ಹದ ಅನ್ನದೇ ಇರ್ನಿಲ್ಲ ಅವ್ಳ ಕೈಗೆ."

ಪವಿತ್ರಳಿಗೆ ನಾಲ್ಕು ತುಂಬುವ ಮೊದಲೇ ತಮಾರಾ ಹೊರಟುಹೋದಳು. ಮನೆಯವರು ಮಗುವನ್ನು ಕೊಡಲಿಲ್ಲ. ಬಾಗಿಲಿಗೆ ಅಡ್ಡ ನಿಂತವಳು ಗುರುಮಲ್ಲಮ್ಮನೇ. ಪಾಪ, ಭಾಷೆ ಬಾರದೆ ಬೇಸತ್ತು ಹೋದಳು ಎಂದು ಊರು ಮಾತು ಮುಗಿಸಿತು. ಅಪ್ಪನೂ ಸಾಯುವವರೆಗೆ ಅದನ್ನೇ ಹೇಳಿದ. ಪವಿತ್ರ ಅದನ್ನೇ ನಂಬಿ ಬೆಳೆದಳು. ಭಾಷೆ ಬಂದಿದ್ದರೆ ಅಮ್ಮ ಉಳಿಯುತ್ತಿದ್ದಳು. ಅವಳಿಗೆ ನಮ್ಮದು ಬಾರದಿದ್ದರೇನಂತೆ, ನಾನೇ ಅವಳದನ್ನು ಕಲಿಯುತ್ತೇನೆ.

ಅವಳು ವಿಶ್ವವಿದ್ಯಾನಿಲಯದಲ್ಲಿ ರಷ್ಯನ್ ಡಿಪ್ಲೊಮಾಕ್ಕೆ ಸೇರುವ ಹೊತ್ತಿಗೆ ಸೋವಿಯತ್ ದೇಶ ಚೂರಾಗಿ ಮೂರು ವರ್ಷವಾಗಿತ್ತು. "ಮುಳುಗಿದ ಹಡಗಿಗೆ ಟಿಕೆಟ್ ತಗೋತಾಳಲ್ಲೇ," ಎಂದು ನಕ್ಕು ಗೆಳತಿಯರು ಜರ್ಮನ್ನಿಗೆ, ಜಪಾನೀಸಿಗೆ ಓಡಿದರು. ತರಗತಿಯಲ್ಲಿ ಬೆರಳೆಣಿಕೆಯ ಜನ. ಅಧ್ಯಾಪಕ ನೀಲಕಂಠಸ್ವಾಮಿಗಳು ಮೊದಲ ದಿನವೇ ಬೆರಗಾದರು.

"ಉಚ್ಚಾರಣೆ ನನಗಿಂತ ಚೆನ್ನಾಗಿದೆಯಲ್ಲಮ್ಮ! ಆದರೆ ನೀನು ಆಡೋದು ಮೂರು ವರ್ಷದ ಮಗುವಿನ ಮಾತು. ಹಾಲು, ಬೆಕ್ಕು, ನಿದ್ದೆ, ಎತ್ತಿಕೋ."

ಹೌದು, ಅಮ್ಮ ಬಿಟ್ಟುಹೋದದ್ದು ಅಷ್ಟೇ. ಎರಡು ವರ್ಷ ಕೂತು ಅವಳು ಆ ಮಗುವನ್ನು ದೊಡ್ಡದು ಮಾಡಿದಳು. ಹಾಸ್ಟೆಲಿನವರು ಮಲಗಿದ ಮೇಲೂ ವಿಭಕ್ತಿ, ಕ್ರಿಯಾಪದಗಳನ್ನು ಉರು ಹೊಡೆದಳು. ಎಲ್ಲ ಒಂದೇ ಒಂದು ವಾಕ್ಯಕ್ಕಾಗಿ: ನಾನು ನಿನ್ನಲ್ಲಿಗೆ ಬರಲೇ? ಅಮ್ಮ ಬಾ ಎಂದರೆ ಹೊರಟುಬಿಡುವುದು. ಮತ್ತೆ ಆ ಜಗಲಿಯ ಮುಖ ನೋಡುವುದು ಬೇಡ. ನೀಲಕಂಠಸ್ವಾಮಿಗಳೇ ರಷ್ಯಾದಲ್ಲಿದ್ದ ತಮ್ಮ ಹಳೆಯ ಸಹಪಾಠಿಯ ಮೂಲಕ ವಿಚಾರಿಸಿ, ತಮಾರಾಳ ಫೋನ್ ನಂಬರನ್ನು ತರಿಸಿಕೊಟ್ಟಿದ್ದರು.

"ರಿಂಗ್ ಆಯ್ತಾ ಅದ, ರಿಂಗ್ ಆಯ್ತಾ ಅದ!" ಗಿರೀಶ ಕೂಗಿದ. "ಸೌಂಡ್ ಕಮ್ಮಿ ಕಣಕ್ಕ. ಸ್ಪೀಕರ್ ಒತ್ಲಾ?"

"ಒತ್ತಪ್ಪ," ಎಂದಳು ಅಜ್ಜಿ. "ನಂಗೇನ್ ಮಣ್ಣು ತಿಳ್ದದು!"

ಹೆಂಗಸಿನ ದನಿಯೊಂದು ಬೂತಿನ ತುಂಬ ಬಂತು. ಪವಿತ್ರ ರಷ್ಯನ್ನಿನಲ್ಲಿ ತನ್ನ ಹೆಸರು ಹೇಳಿದಳು, ಊರು ಹೇಳಿದಳು. ತಡೆಯಲಾರದೆ, ಎರಡು ವರ್ಷ ಕಾಪಾಡಿಕೊಂಡಿದ್ದ ವಾಕ್ಯವನ್ನೂ ಹೇಳಿಬಿಟ್ಟಳು. ಒಂದು ತಪ್ಪೂ ಆಗಲಿಲ್ಲ.

ಅಷ್ಟರಲ್ಲಿ ದೂರದಿಂದ ಒಂದು ಗಂಡುದನಿ ರಷ್ಯನ್ನಿನಲ್ಲಿ ಕೇಳಿತು: "ಯಾರದು?"

"ಗೊತ್ತಿಲ್ಲ. ಯಾರೋ ತಪ್ಪಾಗಿ ಮಾಡಿದ್ದಾರೆ," ಎಂದಳು ತಮಾರಾ, ರಷ್ಯನ್ನಿನಲ್ಲೇ.

ಓದಿದ್ದು ದಂಡವಾಗಲಿಲ್ಲ. ಪವಿತ್ರಳಿಗೆ ಪ್ರತಿಯೊಂದು ಪದವೂ ಅರ್ಥವಾಯಿತು. ಅವಳು ಬೂತಿನ ಗಾಜಿಗೆ ಒರಗಿದಳು.

"ಏನಂದ್ಲಮ್ಮಿ?" ಅಜ್ಜಿ ಕತ್ತು ಒಳಗೆ ಚಾಚಿದಳು. "ಬಾ ಅಂದ್ಲಾ?"

"ಊಂ," ಎಂದಳು ಪವಿತ್ರ. "ಬಾ ಅಂದ್ಲು."

ಅಜ್ಜಿಯ ಮುಖ ಸಣ್ಣಗಾಯಿತು. ಅಷ್ಟಾದರೂ ದಕ್ಕಿತಲ್ಲ ಎಂದುಕೊಂಡು ಪವಿತ್ರ ಫೋನು ಇಡಲು ಹೋದಳು. ಲೈನು ಇನ್ನೂ ಕಡಿದಿರಲಿಲ್ಲ. ಆ ಗಂಡಸು ಮತ್ತೇನೋ ಕೇಳುತ್ತ ಹತ್ತಿರ ಬರುತ್ತಿದ್ದ.

ಆಗ ತಮಾರಾ ದನಿ ತಗ್ಗಿಸಿ, ತನ್ನ ಮನೆಯವರಿಗೆ ತಿಳಿಯಬಾರದ್ದನ್ನು ಅಚ್ಚ ತೆರಕಣಾಂಬಿ ಕನ್ನಡದಲ್ಲಿ ಹೇಳಿದಳು: "ಈ ಮನೇಲಿ ನಿಂಗ್ ಜಾಗ ಇಲ್ಲ ಕಣಮ್ಮಿ. ಬಂದ ದಾರೀಲೇ ಓಗು."