ಒಡ್ಡಿದ ಕೈ

ಬಸವಯ್ಯನ ಎಡಗೈಯ ಪಟ್ಟಿ ಬಿಚ್ಚಿದ ಡಾಕ್ಟರ್ ವೆಂಕೋಬರಾಯರು ಅದನ್ನು ಬೆಳಕಿಗೆ ತಿರುಗಿಸಿ ನೋಡಿದರು. ಬಸವಯ್ಯ ಮುಖವನ್ನು ಕಿಟಕಿಯತ್ತ ತಿರುಗಿಸಿದ. ನಾಲ್ಕು ತಿಂಗಳ ಹಿಂದೆ ಎರಡು ಬೆರಳು ತೆಗೆದಿದ್ದರು. ಹುಣ್ಣು ಈಗ ಅಂಗೈಗೆ ಇಳಿದಿತ್ತು.

ನರಸೀಪುರದ ಅವರ ದವಾಖಾನೆಗೆ ಎಲುಬು ತೋರಿಸುವ ಯಂತ್ರ ಬಂದು ಏಳು ವರ್ಷ. ರೋಗಿಯನ್ನು ನಿಲ್ಲಿಸುವ ಮೊದಲು ಕಿರಣ ಸರಿಯಾಗಿ ಬೀಳುತ್ತಿದೆಯೇ ಎಂದು ನೋಡಲು ಯಾರದಾದರೂ ಕೈ ಬೇಕಾಗಿತ್ತು. ಜವಾನ ಬಸವಯ್ಯ ದಿನಾ ಬೆಳಿಗ್ಗೆ ಎಡಗೈ ಒಡ್ಡುತ್ತಿದ್ದ, ಬಲಗೈ ದುಡಿಯುವುದಕ್ಕಿರಲಿ ಎಂದು. ಬಿಸಿಯಿಲ್ಲ, ನೋವಿಲ್ಲ. ಮೊದಲು ಚರ್ಮ ಒಣಗಿತು, ಆಮೇಲೆ ಉಗುರು ಸೀಳಿತು.

"ಒಂದು ಗಳಿಗೆಯ ಬೆಳಕು, ಏನಾದೀತು ಅಂದ್ಕೊಂಡಿದ್ದೆ ಬಸವಯ್ಯ," ಎಂದರು ರಾಯರು. "ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕಣಗಳಿವೆ. ಚೂರು ಪೆಟ್ಟು ಬಿದ್ದರೆ ತಾವೇ ಸರಿಮಾಡಿಕೊಳ್ಳುತ್ತವೆ. ಅಷ್ಟರೊಳಗೆ ಮತ್ತೆ ಪೆಟ್ಟು, ಮಾರನೇ ದಿನ ಮತ್ತೆ. ಕಡೆಗೆ ಅವೂ ದಣೀತವೆ. ದಿಕ್ಕು ತಪ್ಪಿ ಬೆಳೀತವೆ."

"ದಣೀತವೆ ಅನ್ನಿ," ಎಂದ ಬಸವಯ್ಯ. ಅಷ್ಟು ಮಾತ್ರ ಅವನಿಗೆ ಚೆನ್ನಾಗಿ ಅರ್ಥವಾಯಿತು.

"ಮಣಿಕಟ್ಟಿನವರೆಗೆ ತೆಗೀಬೇಕು. ಇಲ್ಲದಿದ್ದರೆ ಜೀವಕ್ಕೇ ಬರುತ್ತೆ."

"ಅಂಗೈ ಒಂದು ಉಳಿಸಕ್ಕಾಗಲ್ವ ಬುದ್ಧಿ? ಪೂಜೆಗೆ ಲಿಂಗ ಇಡ್ಕೊಳೋ ಕೈ ಅದು."

ರಾಯರು ಹೊಸ ಪಟ್ಟಿ ಸುತ್ತತೊಡಗಿದರು.

ಕೈ ತೆಗೆದು ಮೂರು ವಾರ ಕಳೆದ ಮೇಲೆ ಬಸವಯ್ಯ ಗಾಡಿಯಲ್ಲಿ ತನ್ನೂರು ಹದಿನಾರಿಗೆ ಬಂದ. ದವಾಖಾನೆಯಲ್ಲಿ ಪೂಜೆಯನ್ನು ಮನಸ್ಸಿನಲ್ಲೇ ಮಾಡಿಕೊಂಡಿದ್ದ. ಮನೆಯಲ್ಲಿ, ಹಿರಿಯರು ಕೂತ ಜಾಗದಲ್ಲಿ ಕೂತು, ಹಾಗೆ ಮಾಡಲು ಮನಸ್ಸು ಒಪ್ಪಲಿಲ್ಲ. ಸ್ನಾನವಾಯಿತು, ವಿಭೂತಿಯಾಯಿತು. ಕೊರಳಿನ ಲಿಂಗವನ್ನು ಬಲಗೈಯಲ್ಲಿ ತೆಗೆದುಕೊಂಡವನು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಕುಳಿತ. ಪೂಜೆಯಿಲ್ಲದೆ ತುತ್ತು ಮುಟ್ಟುವವನಲ್ಲ. ಹೊತ್ತು ಏರಿತು. ಒಲೆಯ ಪಕ್ಕದಲ್ಲಿ ಮುದ್ದೆ ಆರಿತು.

ಹೆಂಡತಿ ಪುಟ್ಟಬಸಮ್ಮ ಕೈ ತೊಳೆದು ಬಂದು ಅವನ ಎಡಕ್ಕೆ ಕುಳಿತಳು. "ನನ್ ಕೈ ಐತಲ್ಲ."

"ಒಬ್ಬರ ಲಿಂಗ ಇನ್ನೊಬ್ಬರ ಕೈಗೆ ಓಗಬಾರದು ಕಣೆ. ಮಠದ ಅಯ್ನೋರು ಕೇಳುದ್ರೆ?"

"ಕೇಳುದ್ರೆ ನಾನೇ ಯೋಳ್ತೀನಿ. ನೀವು ಉಣ್ಬೇಕು ಮೊದ್ಲು."

ಆಕೆ ಅವನ ಮೊಂಡುಗೈಯ ಅಡಿಯಿಂದ ತನ್ನ ಎಡಗೈ ತೂರಿಸಿ, ಅವನ ಅಂಗೈ ಇರಬೇಕಾಗಿದ್ದ ಕಡೆ ತನ್ನ ಅಂಗೈ ಹರವಿದಳು.