ಹಿಂದಿನ ಚಕ್ರದ ಗಾಳಿ

ಶ್ಯಾಮಲಮ್ಮ ಹಿತ್ತಲ ಬಾಗಿಲಲ್ಲೇ ನಿಂತುಬಿಟ್ಟಳು. ಅತ್ತೆ ಕೊಂಡಮ್ಮ ಅವಳ ಲೇಡೀಸ್ ಸೈಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಹಿಂದಿನ ಚಕ್ರದ ವಾಲ್ವ್ ಸಡಿಲಿಸಿ ಗಾಳಿ ಬಿಡುತ್ತಿದ್ದಳು. ಟ್ಯೂಬೇ ಸೋರುತ್ತಿದೆ ಎಂದುಕೊಂಡು, ವಾರದಿಂದ ಯಲ್ದೂರಿನ ಶಾಲೆಗೆ ಆ ಮೆತ್ತನೆ ಚಕ್ರವನ್ನು ತುಳಿದು ತುಳಿದು ಶ್ಯಾಮಲಮ್ಮನ ಕಾಲು ಸೋತಿತ್ತು. “ನಾನು ಕೆಲಸಕ್ಕೆ ಹೋಗೋದು ಬೇಡ ಅಂದ್ರೆ ಬಾಯಲ್ಲೇ ಹೇಳಿ ಅತ್ತಮ್ಮ.”

ಕೊಂಡಮ್ಮ ತಿರುಗಲಿಲ್ಲ. “ನನ್ನ ಮಗಂದು ಸೊಪ್ಪಿನ ಮೂಟೆ ಹೊರೋ ಸೈಕಲ್ಲು, ಚಕ್ರ ಕಲ್ಲಂಗಿರಬೇಕು. ನಿಂದಕ್ಕೂ ಅಂಗೇ ಗಾಳಿ ಹೊಡೀತಾನೆ, ಪೆದ್ದ. ಆ ಜಲ್ಲಿ ರೋಡಲ್ಲಿ ಮೂರು ತಿಂಗಳ ಹೊಟ್ಟೆ ಕುಲುಕಲ್ವೇನೇ?”

ಶ್ಯಾಮಲಮ್ಮನ ಕೈ ತಾನಾಗಿ ಸೆರಗಿಗೆ ಹೋಯಿತು. ಹೋದ ಸಲ ಬಸಿರು ನಿಲ್ಲದಿದ್ದಾಗ ಮನೆಯವರೆಲ್ಲ ದೂರಿದ್ದು ಅವಳ ಕೆಲಸವನ್ನೇ. ಅದಕ್ಕೇ ಈ ಸಲ ಅವಳು ಗಂಡನಿಗೂ ಹೇಳಿರಲಿಲ್ಲ.

“ಕೆಲಸ ಬಿಡಿಸ್ತೀರಾ?”

“ಬಿಡಿಸೋದಾಗಿದ್ರೆ ಟೈರನ್ನೇ ಕುಯ್ತಿದ್ದೆ ಕಣೇ.”

ಶ್ಯಾಮಲಮ್ಮ ಒಳಗಿನಿಂದ ಪಂಪು ತಂದಳು. “ಇಷ್ಟು ಮೆತ್ತಗಾದ್ರೆ ತುಳಿಯೋಕಾಗಲ್ಲ ಅತ್ತಮ್ಮ. ಸುಸ್ತಾಗುತ್ತೆ.”

ಕೊಂಡಮ್ಮ ಚಕ್ರವನ್ನೂ ಸೊಸೆಯ ಮುಖವನ್ನೂ ನೋಡಿದಳು. ವಾಲ್ವ್ ಬಿಗಿದು, ಮಂಡಿ ಹಿಡಿದುಕೊಂಡು ಎದ್ದು, ಪಂಪಿಗೆ ಕೈಚಾಚಿದಳು.

“ನೀನು ಬಗ್ಗಬೇಡ, ಇತ್ತ ಕೊಡು. ನಾನು ಹೊಡೀತೀನಿ. ಎಲ್ಲಿಗೆ ಸಾಕು ಅಂತ ನೀನೇ ಹೇಳು.”